ಎಲ್ಲ ಮಾತ್ರೆಗಳಿಗೂ ಒಂದೇ ಆರೋಪ ಹೊರಿಸಬೇಡಿ

ರಕ್ತ ತೆಳು ಮಾಡುವ ಮಾತ್ರೆಗಳೆಲ್ಲ ಲಿವರ್ ಕೆಡಿಸುತ್ತವೆ, ಕೆಲವು ತಿಂಗಳ ಬಳಿಕ ಬಿಡುವುದೇ ಲೇಸು ಎಂಬ ಆರೋಗ್ಯ ಅಂಕಣದ ಸಲಹೆ ಅಪಾಯಕಾರಿ. ಜಯನಗರದ ಜಯದೇವ ಆಸ್ಪತ್ರೆ ಆಸುಪಾಸಿನ ಔಷಧಿ ಅಂಗಡಿಗಳ ಮುಂದೆ ರಕ್ತ ತೆಳು ಮಾಡುವ ಅಸಿಟ್ರೋಮ್ ಮಾತ್ರೆಯ ಪಟ್ಟಿ, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಪರೀಕ್ಷೆಯ ಮಡಚಿದ ಚೀಟಿ ಹಿಡಿದು ನಿಲ್ಲುವವರಲ್ಲಿ ಎದೆಯೊಳಗೆ ಕೃತಕ ಕವಾಟ ಇರುವವರೂ ಇದ್ದಾರೆ. ಅವರು ಮಾತ್ರೆ ಬಿಟ್ಟರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಬಹುದು.

ಅಸಿಟ್ರೋಮ್, ವಾರ್ಫರಿನ್ ಕೆಲಸ ಮಾಡುವುದೇ ಲಿವರ್‌ನಲ್ಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮರುಬಳಕೆಯನ್ನು ಅಲ್ಲಿ ತಡೆಯುತ್ತವೆ. ಅವುಗಳನ್ನು ವಿಲೇವಾರಿ ಮಾಡುವುದೂ ಅಲ್ಲಿನ ಸಿವೈಪಿ2ಸಿ9 ಕಿಣ್ವವೇ. ಹಾಗೆಂದ ಮಾತ್ರಕ್ಕೆ ಲಿವರ್ ಹಾಳಾಗುತ್ತದೆ ಎಂದರ್ಥವಲ್ಲ. ನಿಜವಾಗಿ ಹೆದರಬೇಕಾದದ್ದು ಬೇರೆ: ಭೇದಿಗೆಂದು ಚೀಟಿಯಿಲ್ಲದೆ ಕೊಳ್ಳುವ ಮೆಟ್ರೊನಿಡಜೋಲ್ ಆ ಕಿಣ್ವವನ್ನು ತಡೆದು ಐಎನ್‌ಆರ್ ಏರಿಸುತ್ತದೆ, ರಕ್ತಸ್ರಾವ ತರಬಹುದು. ಕ್ಷಯದ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ. ಅಂಕಣದಲ್ಲಿ ಈ ಬಗ್ಗೆ ಒಂದಕ್ಷರವಿಲ್ಲ.

ರಕ್ತ ತೆಳು ಮಾಡುವ ಹೊಸ ಮಾತ್ರೆಗಳೂ ಒಂದೇ ಬಗೆಯಲ್ಲ. ಡಾಬಿಗಾಟ್ರಾನ್ ಸುಮಾರು ಶೇ 80ರಷ್ಟು ಕಿಡ್ನಿ ಮೂಲಕ ಹೋಗುತ್ತದೆ, ಅಪಿಕ್ಸಬಾನ್ ಕಾಲು ಭಾಗದಷ್ಟು ಮಾತ್ರ. ಲಿವರ್ ಸಿರೋಸಿಸ್ ಬಲಿತವರಿಗೆ ರಿವರಾಕ್ಸಬಾನ್ ಸಲ್ಲದು. ಲಿವರ್‌ಗೆ ಹಾನಿ ಮಾಡಿದ ಮಾತ್ರೆ ಇರಲಿಲ್ಲವೆಂದಲ್ಲ. ಕ್ಸಿಮೆಲಗಾಟ್ರಾನನ್ನು ಅದೇ ಕಾರಣಕ್ಕೆ 2006ರಲ್ಲಿ ಹಿಂಪಡೆಯಲಾಯಿತು. ಆದರೆ ಲಿವರ್ ಭಯದಿಂದ ಲೋಹದ ಕವಾಟದವರು ಡಾಬಿಗಾಟ್ರಾನ್‌ಗೆ ಬದಲಾಗುವಂತಿಲ್ಲ: 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಅವರಿಗೆ ಹೆಚ್ಚು ಹಾನಿ ಮಾಡಿತ್ತು.

ಅಂಕಣ ಓದಿ ಮಾತ್ರೆ ನಿಲ್ಲಿಸಿದವರು ದಯವಿಟ್ಟು ಇಂದೇ ನಿಮ್ಮ ವೈದ್ಯರನ್ನು ಕಾಣಿ, ಐಎನ್‌ಆರ್ ಚೀಟಿಯನ್ನೂ ಒಯ್ಯಿರಿ.