ಬಾಡಿಗೆ ಕಾರು ಹೊರಡಬೇಕಾದದ್ದು ಎಲ್ಲಿಂದ?

ಜಾವಗಲ್ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ವೇಗದ ಬೌಲರ್ ಶ್ರೀನಾಥ್. ಅವರ ಹೆಸರಿನ ಮುಂದಿರುವ ಆ ಊರು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನಲ್ಲಿದೆ, ಅಲ್ಲಿ 13ನೇ ಶತಮಾನದ ಮಧ್ಯಭಾಗದ ಹೊಯ್ಸಳ ದೇಗುಲವೊಂದಿದೆ ಎಂಬುದು ಎಲ್ಲರಿಗೂ ತಿಳಿದಿಲ್ಲ. ಹಳೇಬೀಡಿನಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. ಆದರೂ ಬೆಂಗಳೂರಿನಿಂದ ಬರುವ ಬಾಡಿಗೆ ಕಾರುಗಳು ಸಾಮಾನ್ಯವಾಗಿ ಹಳೇಬೀಡಿನಿಂದಲೇ ಹಿಂದಿರುಗುತ್ತವೆ. ಇದಕ್ಕೆ ಪ್ರವಾಸಿಗರ ನಿರಾಸಕ್ತಿಯೊಂದೇ ಕಾರಣವಲ್ಲ. ಕಾರು ಎಲ್ಲಿಂದ ಹೊರಡುತ್ತದೆ ಎಂಬುದೇ ಮುಖ್ಯ ಕಾರಣ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಗೌರವ ಬಂದದ್ದು ಮೂರು ತಾಣಗಳಿಗೆ. ಆದರೆ ಹೊಯ್ಸಳ ಶಿಲ್ಪ ಹರಡಿಕೊಂಡಿರುವುದು ಹತ್ತಾರು ಹಳ್ಳಿಗಳಲ್ಲಿ. ಹಳೇಬೀಡಿನಿಂದ ಜಾವಗಲ್‌ಗೆ ಹೋಗುವಾಗ ಸಿಗುವ ಬೆಳವಾಡಿಯಲ್ಲಿ ವೀರನಾರಾಯಣನ ತ್ರಿಕೂಟಾಲಯವಿದೆ. ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯವೂ ತ್ರಿಕೂಟವೇ. ಮುಂದೆ ಅರಸೀಕೆರೆಯಲ್ಲಿ ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇಗುಲ, ಅಲ್ಲಿಂದ ಹಾಸನದ ದಾರಿಯಲ್ಲಿ ಹಾರನಹಳ್ಳಿಯ ಜೋಡಿ ದೇಗುಲಗಳು. ಇವನ್ನು ಪೋಣಿಸುವ ಬಸ್ ಸಂಚಾರ ಪ್ರವಾಸಿಗನ ವೇಳೆಗೆ ಹೊಂದುವಂಥದ್ದಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಮಹಿಳೆಯರ ಬಸ್ ಪ್ರಯಾಣವನ್ನು ಶುಲ್ಕರಹಿತಗೊಳಿಸಿತು. ಆದರೆ ಒಂದೇ ದಿನದಲ್ಲಿ ನಾಲ್ಕೈದು ಊರು ಸುತ್ತಬೇಕಾದ ಕುಟುಂಬಕ್ಕೆ ಬಾಡಿಗೆ ಕಾರು ಅನಿವಾರ್ಯ.

ದೂರದ ಲೆಕ್ಕ

ಬೆಂಗಳೂರಿನಿಂದ ಬೇಲೂರಿಗೆ ಸುಮಾರು 220 ಕಿ.ಮೀ. ಹೋಗಿಬರಲು 440 ಕಿ.ಮೀ., ಎಂಟು ಗಂಟೆಗೂ ಹೆಚ್ಚು ಕಾಲ. ಒಂದೇ ದಿನದ ಪ್ರವಾಸವಾದರೆ ಬೇಲೂರು, ಹಳೇಬೀಡು ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಬಾಡಿಗೆಯ ದೊಡ್ಡ ಪಾಲು ಸಲ್ಲುವುದು ನೋಡಿದ ಊರಿಗಲ್ಲ, ದಾಟಿದ ಹೆದ್ದಾರಿಗೆ.

ಹಾಸನದಿಂದ ಹೊರಟು ಬೇಲೂರು, ಹಳೇಬೀಡು, ಬೆಳವಾಡಿ, ಜಾವಗಲ್, ಅರಸೀಕೆರೆ, ಹಾರನಹಳ್ಳಿ ಸುತ್ತಿ ಮತ್ತೆ ಹಾಸನ ಸೇರಿದರೆ ಒಟ್ಟು ಸುಮಾರು 150 ಕಿ.ಮೀ. ಮಾತ್ರ. ಅರಸೀಕೆರೆ ಹಳೆಯ ರೈಲ್ವೆ ಜಂಕ್ಷನ್. ಹಾಸನಕ್ಕೆ ಶ್ರವಣಬೆಳಗೊಳದ ಮೂಲಕ ಬೆಂಗಳೂರಿನ ನೇರ ರೈಲು ಮಾರ್ಗ 2017ರಲ್ಲಿ ತೆರೆಯಿತು. ರೈಲಿನಲ್ಲಿ ಬಂದು ಸ್ಥಳೀಯ ಕಾರು ಹಿಡಿಯುವವನಿಗೆ ಇಡೀ ಹಗಲು ಉಳಿಯುತ್ತದೆ. ಅವನು ಕೊಡುವ ಬಾಡಿಗೆ ಹಾಸನ ಅಥವಾ ಅರಸೀಕೆರೆಯ ಚಾಲಕನ ಮನೆಗೆ ಸೇರುತ್ತದೆ.

ಹಾಗಿದ್ದರೂ ಈ ಕ್ರಮ ರೂಢಿಗೆ ಬರಲು ದರದ ಅಸ್ಪಷ್ಟತೆ ಅಡ್ಡಿಯಾಗಿದೆ. 2024ರ ಜನವರಿಯಲ್ಲಿ ಸರ್ಕಾರ ನಗರ ಟ್ಯಾಕ್ಸಿಗಳಿಗೆ ಏಕರೂಪ ದರ ಗೊತ್ತುಪಡಿಸಿ, 10 ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯ ವಾಹನಕ್ಕೆ ಮೊದಲ 4 ಕಿ.ಮೀ.ಗೆ 100 ರೂ., ನಂತರದ ಪ್ರತಿ ಕಿ.ಮೀ.ಗೆ 24 ರೂ. ಎಂದು ಆದೇಶಿಸಿತು. ಊರಾಚೆಯ ದಿನದ ಬಾಡಿಗೆ ಮಾತ್ರ ಚೌಕಾಸಿಯ ಮಾತಾಗಿಯೇ ಉಳಿದಿದೆ. ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಷರತ್ತು, ಚಾಲಕನ ಬತ್ತೆ, ಟೋಲ್, ಪಾರ್ಕಿಂಗ್ ಪ್ರತ್ಯೇಕ ಎಂಬುದು ಟ್ಯಾಕ್ಸಿ ವ್ಯವಹಾರದ ಸಾಮಾನ್ಯ ಪದ್ಧತಿ. 150 ಕಿ.ಮೀ. ಸುತ್ತಾಟಕ್ಕೂ ಇದೇ ಷರತ್ತು ಅನ್ವಯಿಸಿದರೆ ಓಡದ 100 ಕಿ.ಮೀ.ಗೂ ಹಣ ತೆರಬೇಕಾಗುತ್ತದೆ. ಇಂಥ ಸುತ್ತಿಗೆ ಗಂಟೆ ಮತ್ತು ದೂರ ಎರಡನ್ನೂ ನಿಗದಿಪಡಿಸುವ ಸ್ಥಳೀಯ ಪ್ಯಾಕೇಜ್ ನ್ಯಾಯಯುತ. ಮಾತುಕತೆ ಇಲ್ಲಿಂದಲೇ ಆರಂಭವಾಗಬೇಕು.

ಬಿಳಿ ಫಲಕದ ಅಪಾಯ

ಇನ್ನೊಂದು ಸಮಸ್ಯೆ ಕಾನೂನಿನದು. ಹಳದಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಚಾಲಕಸಹಿತ ಟ್ಯಾಕ್ಸಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದ್ದರೆ ತಾವೇ ಓಡಿಸಲು ಬಾಡಿಗೆಗೆ ಸಿಗುವ ಕಾರು. ಬಿಳಿ ಫಲಕದ್ದು ಸ್ವಂತ ಬಳಕೆಯ ವಾಹನ. ಅದನ್ನು ಬಾಡಿಗೆಗೆ ಓಡಿಸುವುದು ಪರವಾನಗಿ ನಿಯಮದ ಉಲ್ಲಂಘನೆ. ಖಾಸಗಿ ಕಾರಿನ ವಿಮೆ ಬಾಡಿಗೆ ಬಳಕೆಯನ್ನು ಒಳಗೊಳ್ಳುವುದಿಲ್ಲವಾದ್ದರಿಂದ ಅಪಘಾತವಾದರೆ ಪರಿಹಾರಕ್ಕೆ ಕುತ್ತು ಬರಬಹುದು. ಕೆಲವು ನೂರು ರೂಪಾಯಿ ಉಳಿಸಲು ಹೋದವರು ಈ ಭಾರವನ್ನು ತಮ್ಮ ತಲೆಯ ಮೇಲೆಯೇ ಎಳೆದುಕೊಳ್ಳುತ್ತಾರೆ.

ಆದರೆ ತಪ್ಪನ್ನು ಸಣ್ಣ ಊರಿನ ಮಾಲೀಕನ ಮೇಲಷ್ಟೇ ಹೊರಿಸುವಂತಿಲ್ಲ. ಕೇಂದ್ರ ಸರ್ಕಾರ 1989ರಲ್ಲಿ ರೂಪಿಸಿದ ಬಾಡಿಗೆ ಕ್ಯಾಬ್ ಯೋಜನೆ, ಪರವಾನಗಿ ಬಯಸುವವನ ಬಳಿ ಕನಿಷ್ಠ 50 ಕ್ಯಾಬ್‌ಗಳಿರಬೇಕೆಂದು ವಿಧಿಸಿತು. ಮಹಾನಗರದ ಕಂಪನಿಗೆ ಇದು ಸಾಧ್ಯ, ತಾಲ್ಲೂಕು ಕೇಂದ್ರದಲ್ಲಿ ಎರಡು ಕಾರು ಇಟ್ಟುಕೊಂಡವನಿಗೆ ಅಸಾಧ್ಯ. ನಿಯಮದ ಬಾಗಿಲು ಅಷ್ಟು ಎತ್ತರದಲ್ಲಿದ್ದರೆ ಕಳ್ಳದಾರಿ ಹುಟ್ಟಿಕೊಳ್ಳುವುದು ಸಹಜ.

ಪರಿಹಾರಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಹಾಸನ ಮತ್ತು ಅರಸೀಕೆರೆ ರೈಲು ನಿಲ್ದಾಣಗಳ ಮುಂದೆ ಹೊಯ್ಸಳ ಸುತ್ತಿನ ದರಪಟ್ಟಿಯನ್ನು ಕನ್ನಡದಲ್ಲಿ ಬರೆದು ನಿಲ್ಲಿಸಬಹುದು. ಹಳದಿ ಫಲಕದ ಚಾಲಕರನ್ನು ಅಲ್ಲಿ ಸರತಿಯಂತೆ ನೋಂದಾಯಿಸಬಹುದು. ಬೇಲೂರಿನಲ್ಲಿ ನೆರೆಯುವ ಜನರಲ್ಲಿ ಒಂದು ಪಾಲು ಜಾವಗಲ್‌ನತ್ತ ಹೊರಳಿದರೂ ಆ ಊರಿನ ಹೋಟೆಲು, ಹೂವಿನಂಗಡಿ, ಅರ್ಚಕರ ತಟ್ಟೆ ಎಲ್ಲವೂ ಬದಲಾವಣೆ ಕಾಣುತ್ತವೆ. ವಿಶ್ವ ಪರಂಪರೆಯ ಮನ್ನಣೆಯ ಫಲ ಹೆದ್ದಾರಿಯಲ್ಲೇ ಕರಗಬೇಕೆ, ಹಳ್ಳಿಗೂ ತಲುಪಬೇಕೆ ಎಂಬುದು ಬಹುಮಟ್ಟಿಗೆ ಕಾರು ಎಲ್ಲಿಂದ ಹೊರಡುತ್ತದೆ ಎಂಬುದನ್ನೇ ಅವಲಂಬಿಸಿದೆ.