ಗುಜರಿಯವನಿಗೆ ಫೋನ್ ಮಾಡುವ ಮೊದಲು

ಮೈಸೂರಲ್ಲೋ ಹಾಸನದಲ್ಲೋ ನಿಮ್ಮ ತಾತನ ಮನೆಯ ಶೆಡ್ಡಿನಲ್ಲಿ ಒಂದು ಹಳೇ ಗಾಡಿ ಗೋಣಿಚೀಲ ಹೊದ್ದು ನಿಂತಿದೆಯಾ? ಹಾಗಾದರೆ ಇದು ನಿಮಗೇ ಬರೆದದ್ದು.

ಇಂಗ್ಲೆಂಡಿನಲ್ಲಿ ಹಳೇ ಪೋರ್ಷೆ 911 ಅಂದರೆ ಜನ ಪ್ರಾಣ ಬಿಡುತ್ತಾರೆ. 1998ರವರೆಗೂ ಅದರ ಎಂಜಿನ್ನಿಗೆ ನೀರಿರಲಿಲ್ಲ, ರೇಡಿಯೇಟರ್ ಇರಲಿಲ್ಲ. ಫ್ಯಾನಿನ ಗಾಳಿ, ಜೊತೆಗೆ ಎಂಜಿನ್ ಆಯಿಲ್, ಅಷ್ಟರಲ್ಲೇ ತಣ್ಣಗಾಗಬೇಕು. ಕೆಲವರು ಅದನ್ನು ಕೊಂಡು ಲಾಕರಿನ ಚಿನ್ನದ ಹಾಗೆ ಗ್ಯಾರೇಜಿನಲ್ಲಿ ಮುಚ್ಚಿಡುತ್ತಾರೆ. ನನ್ನ ಪ್ರಕಾರ ಅವರಿಗಿಂತ ರೇಸ್ ಓಡಿಸುವವರೇ ವಾಸಿ. ವೂಸ್ಟರ್‌ಶೈರಿನ ಶೆಲ್ಸ್‌ಲಿ ವಾಲ್ಶ್ ಗುಡ್ಡದ ಮೇಲೆ 1905ರಲ್ಲೇ ಶುರುವಾದ ರೇಸಿನಲ್ಲಿ ಈಗಲೂ ಹಳೇ ಕಾರುಗಳು ಗುಡುಗುತ್ತಾ ಹತ್ತುತ್ತವೆ. ನಿಂತ ಗಾಡಿಯ ರಬ್ಬರ್ ಒಣಗುತ್ತದೆ, ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ರಿಪೇರಿ ಗೊತ್ತಿದ್ದವರು ಇಲ್ಲವಾಗುತ್ತಾರೆ. ನಮ್ಮ ಸೊಲಿಹಲ್‌ನ ನ್ಯಾಷನಲ್ ಮೋಟಾರ್‌ಸೈಕಲ್ ಮ್ಯೂಸಿಯಂನಲ್ಲಿ 2003ರಲ್ಲಿ ಬೆಂಕಿ ಬಿದ್ದು ನೂರಾರು ಬೈಕು ಸುಟ್ಟವು. ಅವುಗಳಲ್ಲಿ ಎಷ್ಟೋ ಮತ್ತೆ ಎದ್ದು ನಿಂತವು. ಕೆಲಸ ಬಲ್ಲ ಕೈಗಳು ಇನ್ನೂ ಇದ್ದವಲ್ಲ!

ನಮ್ಮ ಪೋರ್ಷೆ ಯಾವುದು ಗೊತ್ತಾ? ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ತಯಾರಿಸಿತು. ಇದಕ್ಕೆ ಫ್ಯಾನ್ ಕೂಡ ಇಲ್ಲ, ಓಡುವಾಗ ಬೀಸುವ ಗಾಳಿಯೇ ಸಾಕು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್! ನನ್ನ ಗೆಳೆಯರಿಗೆ ಹೇಳಿದರೆ ನಂಬುವುದೇ ಇಲ್ಲ.

ನಮ್ಮ ತಾತನ ರೋಡ್‌ಕಿಂಗ್ 1980ರದ್ದು. ಈಗ ಮೈಸೂರಿನ ಮನೆ ಮಾರುವ ಮಾತು ನಡೆದಿದೆ, ಗಾಡಿ ಗುಜರಿಗೆ ಅಂತ ದೊಡ್ಡವರ ತೀರ್ಮಾನ. ತಮಾಷೆ ನೋಡಿ, ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಗಾಡಿ ಚಾರಿತ್ರಿಕ ವಾಹನ, ರಸ್ತೆ ತೆರಿಗೆಯೂ ಇಲ್ಲ. ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ಅನ್ನಿಸಿಕೊಳ್ಳಲು 50 ದಾಟಬೇಕು. ಹಾಗಾಗಿ ಇಲ್ಲಿದ್ದಿದ್ದರೆ ಮರ್ಯಾದೆ ಸಿಗುತ್ತಿದ್ದ ಗಾಡಿ ಅಲ್ಲಿ ಬರೀ ಹಳೇ ಕಬ್ಬಿಣ.

ಹೊಗೆ ಕಾರುತ್ತದಲ್ಲ ಅಂತ ಅಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲ್ ಜೊತೆ ಆಯಿಲ್ಲೂ ಉರಿಯುತ್ತದೆ. ದಿನಾ ಆಫೀಸಿಗೆ ಅದರಲ್ಲಿ ಹೋಗಿ ಅಂತ ನಾನೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದವರೆಗೆ ಹೋಗಿಬಂದರೆ ಸಾಕು. ನಾವೆಲ್ಲ ವರ್ಷಕ್ಕೊಮ್ಮೆ ವಿಮಾನದಲ್ಲಿ ಊರಿಗೆ ಹೋಗುತ್ತೇವೆ, ಅದರ ಹೊಗೆಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ.

ಆದ್ದರಿಂದ ಈ ಸಲ ಊರಿಗೆ ಹೋದಾಗ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಗಾಡಿ ಬಲ್ಲ ಹಳೇ ಮೆಕ್ಯಾನಿಕ್ ಇದ್ದರೆ ಅವರು ಕೆಲಸ ಮಾಡುವುದನ್ನು ವಿಡಿಯೋ ಮಾಡಿಕೊಳ್ಳಿ. ನಮ್ಮ ತಾತನಿಗೆ 78. ಕಾರ್ಬೊರೇಟರನ್ನು ಕಣ್ಣು ಮುಚ್ಚಿಕೊಂಡೇ ಬಿಚ್ಚಿ ಜೋಡಿಸುತ್ತಾರೆ, ನನಗೆ ಕಲಿಸಲು ಒಪ್ಪಿದ್ದಾರೆ. ಬೇಸಿಗೆ ರಜೆಗೆ ಟಿಕೆಟ್ ಆಗಿದೆ. ಅಪ್ಪ, ಚಿಕ್ಕಪ್ಪ, ನೀವೂ ಇದನ್ನು ಓದುತ್ತೀರಿ ಅಂತ ಗೊತ್ತು. ಅಲ್ಲಿಯವರೆಗೆ ಗುಜರಿಯವನಿಗೆ ಫೋನ್ ಮಾಡಬೇಡಿ.