ಹೂ ಬಿಟ್ಟ ಕಬ್ಬಿಗೆ ಮೊದಲ ಸರದಿ ಸಿಗಲಿ



ಬಲಿತ ಮೂಲಂಗಿಯನ್ನು ಸೀಳಿದಾಗ ಒಳಗೆ ಬೆಂಡು ಕಂಡರೆ ಹಿಂದೆಮುಂದೆ ನೋಡದೆ ಎಸೆಯುತ್ತೇವೆ. ಆದರೆ ಗದ್ದೆಯಲ್ಲಿ ಕಬ್ಬು ಬೆಂಡಾಗುತ್ತಿದ್ದರೂ ಕಟಾವಿನ ಸರದಿ ಬರಲಿ ಎಂದು ಸುಮ್ಮನೆ ಕೂರುತ್ತೇವೆ. ಇದು ಸರಿಯೇ?

ಜಲ್ಲೆಯೊಳಗಿನ ಮೆತ್ತನೆಯ ತಿರುಳೇ ಸಕ್ಕರೆಯ ಕಣಜ. ಎಲೆಯಲ್ಲಿ ತಯಾರಾದ ಸಕ್ಕರೆ ಈ ತಿರುಳಿನ ಜೀವಕೋಶಗಳಲ್ಲಿ ರಸದ ರೂಪದಲ್ಲಿ ಶೇಖರವಾಗುತ್ತದೆ. ಹೂ, ಅಂದರೆ ಸೂಲಂಗಿ, ಬಂದ ಜಲ್ಲೆಯಲ್ಲಿ ಹೊಸ ಗಣ್ಣು ಮೂಡುವುದಿಲ್ಲ. ಹಾಗೆಂದು ಕಬ್ಬು ಕೂಡಲೇ ಕೆಡುವುದೂ ಇಲ್ಲ. ಕೆಲವು ವಾರ ಸಕ್ಕರೆ ಅಂಶ ಚೆನ್ನಾಗಿಯೇ ಇರುತ್ತದೆ. ಕಟಾವಿಗೆ ಅದೇ ಸಕಾಲ. ಅದು ಮೀರಿದರೆ ತುದಿಯಿಂದ ಕೆಳಮುಖವಾಗಿ ತಿರುಳು ಒಣಗಿ ಬಿಳಿಯ ಬೆಂಡಾಗುತ್ತದೆ, ನಾರು ಹೆಚ್ಚುತ್ತದೆ. ಪಕ್ಕದ ಕಣ್ಣುಗಳು ಚಿಗುರಿ ಕೂಡಿಟ್ಟ ಸಕ್ಕರೆಯನ್ನು ತಿನ್ನತೊಡಗುತ್ತವೆ. ನೀರಿನ ಕೊರತೆಯಾದರಂತೂ ಈ ಕೇಡು ಇನ್ನೂ ಬೇಗ.

ಹೂ ಬರುವುದು ಬೇಸಾಯಗಾರನ ತಪ್ಪಲ್ಲ. ತಳಿಯ ಗುಣ, ಹಗಲಿನ ಅವಧಿ ಮತ್ತು ಹವೆ ಅದನ್ನು ನಿರ್ಧರಿಸುತ್ತವೆ. ಕೊಯಮತ್ತೂರಿನಲ್ಲಿ ಕಬ್ಬು ಹೇರಳವಾಗಿ ಹೂ ಬಿಡುತ್ತದೆ. 1912ರಲ್ಲಿ ಅಲ್ಲಿ ಆರಂಭವಾದ ತಳಿ ಸಂಶೋಧನಾ ಕೇಂದ್ರಕ್ಕೆ ಇದು ವರವಾಯಿತು. ತಳಿ ಬೆಳೆಸುವವರಿಗೆ ವರವಾದ ಹೂ ಕಬ್ಬು ಬೆಳೆಯುವವರಿಗೆ ಎಚ್ಚರಿಕೆಯ ಗಂಟೆ.

ಕಾರ್ಖಾನೆಯಲ್ಲಿ ನಮಗೆ ಹಣ ಸಿಗುವುದು ತೂಕದ ಮೇಲೆ. ಬೆಂಡಾದ ಕಬ್ಬು ನೋಡಲು ದಪ್ಪ, ತೂಗಿದರೆ ಹಗುರ. ನಷ್ಟ ಅಷ್ಟಕ್ಕೇ ನಿಲ್ಲದು. 2009ರಲ್ಲಿ ಬಂದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯ ಪದ್ಧತಿಯಲ್ಲಿ ದರವು ಸಕ್ಕರೆ ಇಳುವರಿಯೊಂದಿಗೆ ಸೇರಿಕೊಂಡಿದೆ. ಆದ್ದರಿಂದ ಒಬ್ಬರ ಗದ್ದೆಯ ಬೆಂಡು ಊರಿನವರೆಲ್ಲರ ದರಕ್ಕೂ ಪೆಟ್ಟು.

ಕಟಾವಿನ ಸರದಿಗೆ ನಾಟಿಯ ದಿನಾಂಕವೊಂದೇ ಆಧಾರವಾದರೆ ಸಾಲದು. ಬೆಳೆಯ ಸ್ಥಿತಿಗೂ ಬೆಲೆ ಇರಬೇಕೆಂಬುದು ನನ್ನ ಅಭಿಪ್ರಾಯ. ಹೀಗೆ ಮಾಡಿದರೆ ಪ್ರಭಾವಿಗಳು ಮುಂದೆ ನುಗ್ಗುತ್ತಾರೆಂಬ ಭಯ ಸಹಜ. ಇದಕ್ಕೆ ಪರಿಹಾರವಿದೆ. ಹೂ ಬಿಟ್ಟ ತಾಕುಗಳನ್ನು ಕಾರ್ಖಾನೆಯ ಕ್ಷೇತ್ರ ಸಿಬ್ಬಂದಿ ರೈತರ ಎದುರಿನಲ್ಲೇ ನೋಡಲಿ, ಕೈ ಬ್ರಿಕ್ಸ್ ಮಾಪಕದಿಂದ ರಸ ಪರೀಕ್ಷಿಸಲಿ, ಪಟ್ಟಿಯನ್ನು ಊರಿನಲ್ಲಿ ಬಹಿರಂಗವಾಗಿ ಹಚ್ಚಲಿ.

ನಾವು ಮಾಡಬೇಕಾದದ್ದೂ ಇದೆ. ಹೂ ಕಡಿಮೆ ಬಿಡುವ ತಳಿಯನ್ನು ಆರಿಸಿ. ಇಡೀ ಜಮೀನಿಗೆ ಒಂದೇ ತಳಿಯನ್ನು ಒಂದೇ ವಾರದಲ್ಲಿ ನಾಟಿ ಮಾಡಬೇಡಿ. ಕಟಾವು ತಡವಾಗುವಂತಿದ್ದರೆ ಬೆಳೆ ಬಾಡಲು ಬಿಡದೆ ಹದವರಿತು ನೀರು ಕೊಡಿ. ಹೂ ಕಂಡ ದಿನವನ್ನು ಬರೆದಿಟ್ಟು, ಆಮೇಲೆ ವಾರಕ್ಕೊಮ್ಮೆ ಗದ್ದೆಯ ನಾಲ್ಕಾರು ಕಡೆ ಜಲ್ಲೆಯ ಮೇಲ್ಭಾಗವನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ನಡುವೆ ಬಿಳಿಯ ಒಣ ಚುಕ್ಕೆ ಕಂಡರೆ ಆ ತುಂಡನ್ನು ಹಿಡಿದುಕೊಂಡೇ ಕಾರ್ಖಾನೆಗೆ ಹೋಗಿ ಸರದಿ ಕೇಳಿ.